ಅಂಕಣಕ್ಕೆ ಸ್ವಲ್ಪ ಬಿಡುವು

ಮುಂದಿನ ತಿಂಗಳಿನಿಂದ ಕೆಲವು ಕಾಲ ಈ ಪುಟದಲ್ಲಿ ನಾನು ನಿಮಗೆ ಸಿಗುವುದಿಲ್ಲ. ಗಾಬರಿಯಾಗಬೇಡಿ, ಆರೋಗ್ಯವಾಗಿದ್ದೇನೆ. ಬೇರೊಂದು ಬರವಣಿಗೆ ಕಾಯುತ್ತಿದೆ.

ನಮ್ಮ ಇಳಕಲ್ ಸೀರೆಯನ್ನು ನೀವೆಲ್ಲ ಬಲ್ಲಿರಿ. ಅದರ ಒಡಲಿನ ಹಾಸು ಬೇರೆ, ರೇಷ್ಮೆ ಸೆರಗಿನ ಹಾಸು ಬೇರೆ. ನೇಯುವ ಮೊದಲು ಎರಡರ ಎಳೆಗಳನ್ನು ಕೈಯಿಂದಲೇ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಸೀರೆಗೆ ಊರಿನ ಹೆಸರು ಬಂತು. ಮನೆಯೊಳಗೆ ಕುಳಿತು ನೂಲು ಸುತ್ತಿದ, ಕೊಂಡಿ ಹಾಕಿದ ಹೆಂಗಸರ ಹೆಸರನ್ನು ಯಾರೂ ಬರೆದಿಡಲಿಲ್ಲ. ಇಳಕಲ್, ಹುನಗುಂದ, ಬಾದಾಮಿ ಕಡೆಯ ಅಂಥವರ ಮಾತುಗಳನ್ನು ಬರೆದುಕೊಳ್ಳಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಪ್ರತಿ ಬಾರಿಯೂ 'ಈ ತಿಂಗಳ ಅಂಕಣ ಮುಗಿಯಲಿ' ಎಂಬ ನೆವ. ಕಳೆದ ಚಳಿಗಾಲದಲ್ಲಿ ನಮ್ಮ ಓಣಿಯ ಖಾಲಾ ತೀರಿಕೊಂಡರು. ನೋಟ್‌ಬುಕ್ ಹಿಡಿದು ಅವರ ಹತ್ತಿರ ನಾನು ಒಮ್ಮೆಯೂ ಕುಳಿತಿರಲಿಲ್ಲ.

ಹಾಸನದ ಬಾನು ಮುಷ್ತಾಕ್ ಅವರು 1981ರಿಂದ 1990ರವರೆಗೆ 'ಲಂಕೇಶ್ ಪತ್ರಿಕೆ'ಯ ವರದಿಗಾರ್ತಿಯಾಗಿದ್ದರು. ಆಮೇಲೆ ವಕೀಲಿ, ಜೊತೆಗೆ ಕಥೆ. 1990ರಿಂದ 2023ರವರೆಗಿನ ಅವರ 12 ಕಥೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಕೃತಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಅವರಿಗೆ ನನ್ನನ್ನು ಹೋಲಿಸಿಕೊಳ್ಳುತ್ತಿಲ್ಲ, ನಗಬೇಡಿ! 12 ಕಥೆಗೆ 33 ವರ್ಷಗಳ ಹರವು ಎಂಬುದಷ್ಟೇ ನನಗೆ ಧೈರ್ಯ ಕೊಟ್ಟಿದೆ.

ತಿಂಗಳ ಗಡುವಿಲ್ಲದೆ ಬರೆಯುವುದೇ ನಿಂತೀತೇ ಎಂಬ ಭಯವೂ ಇದೆ. ಅದಕ್ಕೇ ನಿಮಗೆ ಹೇಳಿ ಹೊರಟಿದ್ದೇನೆ. ಬಾಗಲಕೋಟೆ ಕಡೆ ನಿಮ್ಮ ಮನೆಯಲ್ಲಿ ಕೊಂಡಿ ಹಾಕಿದ ಹಿರಿಯರಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ನಾನೇ ಬರುತ್ತೇನೆ.