ಕ್ಯಾರೊಲಿನ್‌ಳಿಗೆ ನ್ಯಾಯ ಸಿಕ್ಕಿಲ್ಲ

ವಿದೇಶದಲ್ಲಿ ನೆಲೆಸಿರುವ ಶಿಷ್ಯನೊಬ್ಬ ರಜೆಯಲ್ಲಿ ಬಂದಿದ್ದಾಗ ‘ಅಮೆರಿಕನ್ ಬ್ಯೂಟಿ’ ಚಿತ್ರವನ್ನು ಕೊಟ್ಟು, “ಸಾರ್, ನಡುವಯಸ್ಸಿನ ತಳಮಳವನ್ನು ಇಷ್ಟು ಸತ್ಯವಾಗಿ ಹೇಳಿದ ಚಿತ್ರ ಇನ್ನೊಂದಿಲ್ಲ, ನೋಡಿ” ಎಂದ. ಅವನಿಗೀಗ ನಲವತ್ತಮೂರು. ನಾನೂ ನನ್ನಾಕೆಯೂ ಕುಳಿತು ನೋಡಿದೆವು. (ಕೆಲವು ದೃಶ್ಯಗಳಲ್ಲಿ ಇಬ್ಬರೂ ಗೋಡೆಯ ಕ್ಯಾಲೆಂಡರನ್ನು ನೋಡಿದೆವು.)

ಸ್ಯಾಮ್ ಮೆಂಡೆಸ್ ನಿರ್ದೇಶಿಸಿದ 1999ರ ಈ ಚಿತ್ರಕ್ಕೆ ಮರುವರ್ಷ ಐದು ಆಸ್ಕರ್ ಪ್ರಶಸ್ತಿಗಳು ಬಂದವು. ಅದರ ಛಾಯಾಗ್ರಹಣದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅದರ ತಕ್ಕಡಿಯ ಬಗ್ಗೆ.

42 ವರ್ಷದ ಲೆಸ್ಟರ್ ಬರ್ನಮ್ ಮೇಲಧಿಕಾರಿಯನ್ನು ಬೆದರಿಸಿ ವರ್ಷದ ಸಂಬಳ ಕಿತ್ತುಕೊಂಡು ಕೆಲಸ ಬಿಡುತ್ತಾನೆ, ಕೆಂಪು ಪಾಂಟಿಯಾಕ್ ಕಾರು ಕೊಳ್ಳುತ್ತಾನೆ, ಗಾಂಜಾ ಸೇದುತ್ತಾನೆ, ಊಟದ ಮೇಜಿನಲ್ಲಿ ತಟ್ಟೆಯನ್ನು ಗೋಡೆಗೆಸೆಯುತ್ತಾನೆ, ಶಾಲೆಗೆ ಹೋಗುವ ಮಗಳ ಗೆಳತಿಯನ್ನೇ ಬಯಸುತ್ತಾನೆ. ಚಿತ್ರಕ್ಕೆ ಇದೆಲ್ಲ ಬಹುಮಟ್ಟಿಗೆ ‘ಬಿಡುಗಡೆ’! ಕಡೆಯಲ್ಲಿ ಆ ಹುಡುಗಿಯಿಂದ ಹಿಂದೆ ಸರಿಯುತ್ತಾನೆ, ನಿಜ. ಅಷ್ಟಕ್ಕೇ ಅವನನ್ನು ಸಂತನೆನ್ನಲು, ಜೀವಮಾನವಿಡೀ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನನಗೆ ಮನಸ್ಸು ಬಾರದು.

ಅವನ ಹೆಂಡತಿ ಕ್ಯಾರೊಲಿನ್ ಮನೆಗಳನ್ನು ಮಾರಿಸುವವಳು. ಈ ಮನೆಯನ್ನು ಇಂದು ಮಾರಿಯೇ ತೀರುವೆನೆಂದು ತನಗೆ ತಾನೇ ಹೇಳಿಕೊಳ್ಳುತ್ತ, ಖಾಲಿ ಮನೆಯೊಂದನ್ನು ಉಜ್ಜಿ ತೊಳೆಯುತ್ತಾಳೆ. ಬಂದವರೆಲ್ಲ ಮೂಗು ಮುರಿದು ಹೋಗುತ್ತಾರೆ. ಆಕೆ ಕಿಟಕಿಯ ಪರದೆ ಮುಚ್ಚಿ ಬಿಕ್ಕಿಬಿಕ್ಕಿ ಅಳುತ್ತಾಳೆ. ಅತ್ತದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾಳೆ. ಮುಖ ಸರಿಪಡಿಸಿಕೊಂಡು ಹೊರಡುತ್ತಾಳೆ. ಅನೆಟ್ ಬೆನಿಂಗ್ ಅಭಿನಯಿಸಿದ ಆ ಒಂದೆರಡು ನಿಮಿಷಗಳಲ್ಲಿರುವಷ್ಟು ಸಂಕಟ ಲೆಸ್ಟರನ ಇಡೀ ಕಥೆಯಲ್ಲಿಲ್ಲ. ಆದರೆ ಕಥೆ ಹೇಳುವ ಧ್ವನಿ ಅವನದು. ಅವಳೂ ಪರಪುರುಷನ ಸಂಗ ಮಾಡಿದಳಲ್ಲ ಎನ್ನುವಿರಿ. ಮಾಡಿದಳು. ಅವಳ ತಪ್ಪು ನಗೆಪಾಟಲು, ಅವನದು ಕಾವ್ಯ, ಇದಾವ ನ್ಯಾಯ?

ನನಗೂ ಒಮ್ಮೆ ನಲವತ್ತೆರಡಾಗಿತ್ತು. ನಾಟಕದ ಗೀಳು ಹಿಡಿದು, ಸಂಬಳವಿಲ್ಲದ ರಜೆ ಹಾಕಿ ಒಂದು ವರ್ಷ ಊರೂರು ಅಲೆದೆ. ನಿಮ್ಮಲ್ಲಿ ಹಲವರು ಅದನ್ನು ಮೇಷ್ಟರ ರಸಿಕತೆಯೆಂದು ಇಂದಿಗೂ ಕೊಂಡಾಡುತ್ತೀರಿ. ಆ ವರ್ಷ ಈಕೆ ಹಪ್ಪಳ ಒತ್ತಿ ಮಾರಿದಳು, ಹಾಲಿನವನಿಗೆ ಬಾಗಿಲಲ್ಲಿ ನಿಂತು ಸಮಾಧಾನ ಹೇಳಿದಳು. ಮನೆಯಲ್ಲಿ ಸಿಡುಕುತ್ತಾಳೆಂದು ಗೆಳೆಯರೆದುರು ಆಡಿಕೊಂಡು ನಕ್ಕವನು ನಾನು.

ಆ ಖಾಲಿ ಮನೆಯ ದೃಶ್ಯ ಮುಗಿದಾಗ ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. “ಈ ಹೆಂಗಸಿನ ಹೆಸರೇನೆಂದಿರಿ?” ಎಂದು ಕೇಳಿದಳು. ಲೆಸ್ಟರನ ಹೆಸರನ್ನು ಕೊನೆಯವರೆಗೂ ಕೇಳಲಿಲ್ಲ.