ಕಳೆದುಹೋದದ್ದು ಯಾರಿಗೆ?

ಮೆಕ್ಸಿಕೋದ ಕಾಪರ್ ಕ್ಯಾನಿಯನ್ ಕಣಿವೆಯ ತಳದಲ್ಲಿ, ಬಟೋಪಿಲಾಸ್ ಪಟ್ಟಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಸಟೆವೋ ಎಂಬ ಹಳ್ಳಿಯಿದೆ. ಜೆಸ್ಯೂಟ್ ಪಾದ್ರಿಗಳ ಕಾಲದ ಅಲ್ಲಿನ ಇಗರ್ಜಿಗೆ, ಹಳೆಯ ಕಾಗದಪತ್ರ ಸಿಗದ ಕಾರಣ, ಪ್ರವಾಸಿಗರು ಇಟ್ಟ ಹೆಸರು ‘ಕಳೆದುಹೋದ ಮಿಷನ್’.

ಕಳೆದುಹೋದದ್ದು ಯಾರಿಗೆ ಸ್ವಾಮಿ? 1767ರಲ್ಲಿ ಸ್ಪೇನಿನ ದೊರೆ ಮೂರನೆಯ ಕಾರ್ಲೋಸ್ ಜೆಸ್ಯೂಟರನ್ನು ಹೊರಗಟ್ಟಿದ. ಪಾದ್ರಿಗಳು ಹೋದರು, ರರಾಮುರಿ ಜನ ಆ ಕಣಿವೆಗಳಲ್ಲೇ ಉಳಿದರು. ಕಳೆದದ್ದು ದಾಖಲೆ, ಊರಲ್ಲ. ಲೆಕ್ಕಪರಿಶೋಧಕನಾಗಿ ಹೇಳುತ್ತೇನೆ: ರಸೀದಿ ಸಿಗಲಿಲ್ಲವೆಂದು ಆಸ್ತಿಯೇ ಇಲ್ಲ ಎನ್ನಲಾಗದು.

ಗಣಿಗಳ ಬಲವಂತದ ದುಡಿಮೆ, ಮಿಷನ್ನಿನ ಕಟ್ಟುಪಾಡು ಎರಡರ ವಿರುದ್ಧವೂ ರರಾಮುರಿಗಳು 17ನೇ ಶತಮಾನದಲ್ಲಿ ಮತ್ತೆ ಮತ್ತೆ ದಂಗೆಯೆದ್ದರು. ಆ ಬಾಬತ್ತನ್ನು ಕೈಬಿಟ್ಟು, ಗುಮ್ಮಟದ ಚೆಲುವನ್ನಷ್ಟೇ ಜಮೆ ಹಿಡಿಯುವ ಚರಿತ್ರೆಗೆ ನಾನಂತೂ ಸಹಿ ಹಾಕಲಾರೆ.