ಪಿಸ್ತೂಲು ಆಮೇಲೆ, ಮೊದಲು ಒರೆ ತೋರ್ಸಪ್ಪಾ!

ಹೋದ ಶನಿವಾರ ಡಾಲಸ್ಸಿನ ಪಕ್ಕದ ನಮ್ಮ ಮನೇಲಿ ಊಟಕ್ಕೆ ನಾಲ್ಕು ಕನ್ನಡ ಸಂಸಾರ ಸೇರಿತ್ತು. ಬಿಸಿಬೇಳೆಬಾತ್ ಮುಗಿಸಿ ಕೈ ತೊಳೆಯೋ ಹೊತ್ತಿಗೆ ಗೆಳೆಯನೊಬ್ಬ ಮೆಲ್ಲಗೆ ಹೇಳಿದ, "ಗುರು, ಗ್ಲಾಕ್ 19 ತಗೊಂಡೆ. ಒಂಬತ್ತು ಎಂಎಂ, ಹದಿನೈದು ಗುಂಡು!" ಎಲ್ಲಿ ಅಂದೆ. ಸೋಫಾ ಮೇಲೆ ಬಿದ್ದಿದ್ದ ಲ್ಯಾಪ್‌ಟಾಪ್ ಬ್ಯಾಗ್ ಕಡೆ ಕೈ ತೋರಿಸಿದ. ಆ ಬ್ಯಾಗಿಗೆ ಒರಗಿಕೊಂಡು ನನ್ನ ನಾಲ್ಕು ವರ್ಷದ ಮಗಳು ಬಣ್ಣ ಹಚ್ಚುತ್ತಾ ಕೂತಿದ್ದಳು.

ನನ್ನ ಎದೆ ಧಸಕ್ ಅಂತು. ಮಗೂನ ಎತ್ತಿಕೊಂಡು ಹೋಗಿ ಹೆಂಡತಿ ಕೈಗೆ ಕೊಟ್ಟು ಬಂದು ಬ್ಯಾಗ್ ತೆಗೆಸಿದೆ. ಒಳಗೆ ಗುಂಡು ತುಂಬಿದ ಪಿಸ್ತೂಲು, ಅದಕ್ಕೊಂದು ಹದಿನೈದು ಡಾಲರಿನ ಮೆತ್ತನೆ ನೈಲಾನ್ ಚೀಲ. "ಹೋಲ್‌ಸ್ಟರ್ ಎಲ್ಲಪ್ಪಾ?" ಅಂದ್ರೆ, "ಇದೇ ಅಲ್ವಾ? ಎಲ್ಲಾ ಪಿಸ್ತೂಲಿಗೂ ಆಗುತ್ತಂತೆ!" ಅಂದ. ಜಗಳ ಶುರುವಾಗಿದ್ದು ಅಲ್ಲಿಂದ. ಅವನು ಕೊನೆಗೆ ಹೇಳಿದ್ದು, "ಒಂದು ಚೀಲಕ್ಕೆ ಇಷ್ಟು ಭಾಷಣಾನಾ?"

ಹೌದು ಸ್ವಾಮಿ, ಆ ಒಂದು ಚೀಲಕ್ಕೇ ಈ ಭಾಷಣ.

ಮೊದಲೇ ಹೇಳಿಬಿಡ್ತೀನಿ, ನಾನು ಬಂದೂಕಿನ ವಿರೋಧಿ ಅಲ್ಲ, ನನ್ನ ಹತ್ತಿರಾನೂ ಒಂದಿದೆ. ಮಲೆನಾಡಿನ ನಮ್ಮ ಅಜ್ಜನ ಮನೇಲಿ ಕೋವಿ ಇತ್ತು. ಚುನಾವಣೆ ಬಂತು ಅಂದ್ರೆ ಅಜ್ಜ ಅದನ್ನ ಠಾಣೆಗೆ ಒಪ್ಪಿಸಿ ಬರ್ತಿದ್ರು. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿ ಇಲ್ಲದ 21 ದಾಟಿದವರು ಪರವಾನಗಿಯನ್ನೇ ಪಡೆಯದೆ ಪಿಸ್ತೂಲು ಇಟ್ಕೊಂಡು ಓಡಾಡಬಹುದು. (ಎಚ್‌ಒನ್‌ಬಿ ವೀಸಾದವರೇ, ಹಿಗ್ಗಬೇಡಿ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ರೆ ಫೆಡರಲ್ ಕಾನೂನು ನಿಮಗೆ ಬಂದೂಕು ಮುಟ್ಟೋಕೂ ಬಿಡಲ್ಲ.) ತರಗತೀಲಿ ಕೂರಲೇಬೇಕು ಅನ್ನೋ ಕಟ್ಟುಪಾಡು ಹೋಯ್ತು ಅಂದ್ರೆ, ಕಲಿಯೋ ಜವಾಬ್ದಾರಿ ಪೂರ್ತಿ ನಮ್ಮ ತಲೆ ಮೇಲೆ ಬಿತ್ತು ಅಂತ ಅರ್ಥ.

ನಮ್ಮವರು ಮಾಡೋದೇನು? ಗ್ಲಾಕಾ, ಸಿಗ್ ಪಿ365 ಆ, ಐದು ಗುಂಡಿನ ಸಣ್ಣ ರಿವಾಲ್ವರಾ ಅಂತ ಆರು ತಿಂಗಳು ಚರ್ಚೆ. ಆರುನೂರು ಡಾಲರ್ ಕೊಟ್ಟು ಪಿಸ್ತೂಲು ತಗೊಳ್ಳೋದು, ಒರೆಗೆ ಮಾತ್ರ ಸಿಕ್ಕಿದ್ದು ಸಾಕು ಅನ್ನೋದು. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ!

ಗ್ಲಾಕಿನಲ್ಲಿ ಬೆರಳಿಂದ ಒತ್ತೋ ಬೇರೆ ಸೇಫ್ಟಿ ಕೀಲಿ ಇಲ್ಲ. ಒಳಗೆ ಮೂರು ಸೇಫ್ಟಿ ಇವೆ ನಿಜ, ಆದ್ರೆ ಕುದುರೆ ಎಳೆದ್ರೆ ಮೂರೂ ಬಿಟ್ಕೊಡ್ತವೆ. ಎಳೆದದ್ದು ನಿಮ್ಮ ಬೆರಳಾ, ಮಗುವಿನ ಬೆರಳಾ, ಒಳಗೆ ಸಿಕ್ಕಿಕೊಂಡ ಅಂಗಿ ತುದಿಯಾ ಅಂತ ಅದಕ್ಕೆ ಗೊತ್ತಾಗಲ್ಲ. ಕುದುರೆಗೆ ಕಾವಲು ಕೂರೋದು ಒರೆ ಒಂದೇ.

2008ರ ನವೆಂಬರಿನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಆಟಗಾರ ಪ್ಲಾಕ್ಸಿಕೋ ಬರೆಸ್ ಒರೆ ಇಲ್ಲದೆ ಗ್ಲಾಕನ್ನ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡು ನೈಟ್ ಕ್ಲಬ್ಬಿಗೆ ಹೋದ. ಅದು ಕಾಲೊಳಗೆ ಜಾರಿತು, ತೊಡೆಗೆ ಗುಂಡು ಬಿತ್ತು. ಅಲ್ಲಿನ ಪರವಾನಗಿಯೂ ಇರಲಿಲ್ಲ, ಎರಡು ವರ್ಷ ಜೈಲು ಶಿಕ್ಷೆ ಆಯ್ತು. ಅವನು ಬದುಕಿಕೊಂಡ. 2014ರ ಡಿಸೆಂಬರ್ 30ರಂದು ಐಡಾಹೋ ರಾಜ್ಯದ ಹೇಡನ್ ಊರಿನ ಅಂಗಡಿಯೊಂದರಲ್ಲಿ, ತಳ್ಳುಗಾಡಿಯಲ್ಲಿ ಕೂತಿದ್ದ ಎರಡು ವರ್ಷದ ಮಗು ಅಮ್ಮನ ಕೈಚೀಲಕ್ಕೆ ಕೈ ಹಾಕಿತು. ಅಮ್ಮ ಅಲ್ಲೇ ಸತ್ತಳು. ಆಕೆಗೆ ಪರವಾನಗಿ ಇತ್ತು, ಬಂದೂಕಿನ ಪರಿಚಯ ಇತ್ತು, ಚೀಲವೂ ಪಿಸ್ತೂಲಿಗೆಂದೇ ಜೇಬು ಇಟ್ಟು ಮಾಡಿದ್ದು. ಇಷ್ಟೆಲ್ಲಾ ಇದ್ದೂ ಪಿಸ್ತೂಲು ಮೈಮೇಲೆ ಇರಲಿಲ್ಲ.

"ಇಡೀ ದಿನ ಸೊಂಟಕ್ಕೆ ಕಟ್ಕೊಂಡಿರೋದು ಕಿರಿಕಿರಿ ಗುರು" ಅಂದ ಗೆಳೆಯ. ಕಿರಿಕಿರಿ ಇರೋದು ನಿಜ. ತುಂಬಿದ ಗ್ಲಾಕ್ 19 ಸುಮಾರು 850 ಗ್ರಾಂ ತೂಗುತ್ತೆ. ಹಾಗಿದ್ರೆ ಚಿಕ್ಕದು ತಗೋ, ಗಟ್ಟಿ ಬೆಲ್ಟ್ ಹಾಕು, ಇಲ್ಲಾ ಹೊರೋ ಆಸೆ ಬಿಡು. ಕಿರಿಕಿರಿ ಆಯ್ತು ಅಂತ ಬ್ಯಾಗಿಗೆ ಹಾಕಿ ಸೋಫಾ ಮೇಲೆ ಇಡೋದು ಆತ್ಮರಕ್ಷಣೆ ಅಲ್ಲ, ಎದುರು ಸಿಕ್ಕವರಿಗೆಲ್ಲಾ ಪಿಸ್ತೂಲು ದಾನ. ಕಾರಿನ ಗ್ಲೋವ್ ಬಾಕ್ಸಿನಲ್ಲಿ ಬಿಟ್ಟು ಹೋಗೋದು ಕಳ್ಳನಿಗೆ ದಾನ. "ಚೇಂಬರ್ ಖಾಲಿ ಇಡ್ತೀನಿ" ಅಂತೀರಾ? ಇಡಿ, ಬೇಡ ಅನ್ನಲ್ಲ. ಆದ್ರೆ ಅದು ಒರೆಗೆ ಬದಲಿ ಅಲ್ಲ.

ಹಾಗಾದ್ರೆ ಒರೆ ಹೇಗಿರಬೇಕು? ನಿಮ್ಮ ಪಿಸ್ತೂಲಿನ ಮಾಡೆಲ್ಲಿಗೇ ಅಚ್ಚು ಹಾಕಿದ್ದಾಗಿರಬೇಕು. ಕುದುರೆ ಪೂರ್ತಿ ಮುಚ್ಚಬೇಕು, ಹೊರಗಿಂದ ಒತ್ತಿದ್ರೆ ಒಳಕ್ಕೆ ತಗ್ಗಬಾರದು. ಕೈಡೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕು ಈ ಕೆಲಸಕ್ಕೆ ಚೆನ್ನಾಗಿದೆ. ಚರ್ಮ ಆದ್ರೆ ಗಟ್ಟಿ ಇರಬೇಕು, ಸವೆದು ಮೆತ್ತಗಾದ್ರೆ ಎಸೀಬೇಕು. ಖಾಲಿ ಪಿಸ್ತೂಲು ಹಾಕಿ ತಲೆಕೆಳಗೆ ಅಲ್ಲಾಡಿಸಿ, ಬೀಳಬಾರದು. ಪಿಸ್ತೂಲು ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು, ಇಲ್ಲಾಂದ್ರೆ ವಾಪಸ್ ಹಾಕುವಾಗ ಇನ್ನೊಂದು ಕೈ ನಳಿಗೆ ಮುಂದೆ ಬರುತ್ತೆ. ವಾಪಸ್ ಹಾಕೋಕೆ ಯಾವ ಅವಸರಾನೂ ಇಲ್ಲ. ಅಂಗಿ ಎತ್ತಿ, ಬೆರಳು ಹೊರಗಿಟ್ಟು, ಕಣ್ಣಲ್ಲಿ ನೋಡಿ ಹಾಕಿ.

ಪಿಸ್ತೂಲು ಕೊಳ್ಳೋಕೆ ಮುಂಚೆ ರೇಂಜಿನಲ್ಲಿ ಎರಡು ಮೂರು ಬಾಡಿಗೆಗೆ ತಗೊಂಡು ಹೊಡೆದು ನೋಡಿ. ಒಳ್ಳೆ ಒರೆ ಸಿಗೋ ಮಾಡೆಲ್ಲನ್ನೇ ಆರಿಸಿ. ಆಮೇಲೆ ಗುಂಡು ಬೇರೆ ಕೋಣೇಲಿಟ್ಟು, ಖಾಲಿ ಪಿಸ್ತೂಲನ್ನ ಒರೆಯಲ್ಲಿ ಹಾಕ್ಕೊಂಡು ಒಂದು ವಾರ ಮನೇಲಿ ಓಡಾಡಿ. ಮೈಯಿಂದ ಬಿಚ್ಚಿದ್ರೆ ಬೀಗ ಹಾಕೋ ಪೆಟ್ಟಿಗೆಗೆ, ಬೇರೆಲ್ಲೂ ಅಲ್ಲ. ಆ ವಾರ ಒಂದೇ ಒಂದು ಸಲ ಅದನ್ನ ಅಡುಗೆಮನೆ ಕಟ್ಟೆ ಮೇಲೆ ಮರೆತ್ರೂ, ನೀವಿನ್ನೂ ತಯಾರಾಗಿಲ್ಲ ಅಂತ ಅರ್ಥ.

ಗೆಳೆಯ ಆವತ್ತು ಮುಖ ಊದಿಸಿಕೊಂಡೇ ಹೋದ. ಹೋಗಲಿ ಬಿಡಿ. ಇನ್ಮೇಲೆ ನಮ್ಮನೆಗೆ ಊಟಕ್ಕೆ ಬರೋರ ಹತ್ರ ಖಾರ ಎಷ್ಟು ಹಾಕ್ಲಿ ಅಂತ ಕೇಳೋ ಮುಂಚೆ, ಪಿಸ್ತೂಲು ಇದೆಯಾ, ಎಲ್ಲಿದೆ ಅಂತ ಕೇಳೇ ಕೇಳ್ತೀನಿ. ನೀವೂ ಕೇಳಿ. ಬೇಜಾರಾದ್ರೆ ಆಗಲಿ.